ಗರಗಸದ ಹಲ್ಲು

ಮರ ಕಾಡಿನಲ್ಲಿ ಉರುಳಿದ ಮಾತ್ರಕ್ಕೆ ಸೌದೆಯಾಗುವುದಿಲ್ಲ. ಒಲೆಯ ಬಾಯಿಗೆ ಹಿಡಿಸುವಷ್ಟು ಉದ್ದಕ್ಕೆ ಅದನ್ನು ಅಡ್ಡಲಾಗಿ ಕೊಯ್ಯಬೇಕು. ಕೊಯ್ದ ತುಂಡನ್ನು ಉದ್ದಕ್ಕೆ ಸೀಳಬೇಕು. ಸೀಳಿದ್ದನ್ನು ಗಾಳಿಗೊಡ್ಡಿ ಒಣಗಿಸಬೇಕು. ಸೌದೆಯ ಹೊರೆ ಹೊತ್ತು ಮಾರಿ ದಾಸೋಹ ನಡೆಸಿದನೆಂದು ಹೆಸರಾದ ಮೋಳಿಗೆಯ ಮಾರಯ್ಯನನ್ನು ಶರಣರ ಸಾಲಿನಲ್ಲಿ ನೆನೆಯುವ ನಮಗೆ ಈ ಕಾಯಕ ಅಪರಿಚಿತವಲ್ಲ. ಆದರೆ ಅದರ ಉಪಕರಣಗಳ ಚರಿತ್ರೆಯನ್ನು ನಾವು ಅಷ್ಟಾಗಿ ಗಮನಿಸಿದವರಲ್ಲ. ಆ ಉಪಕರಣಗಳು ಯಂತ್ರರೂಪ ತಾಳಿದ್ದು ದೊಡ್ಡ ಮರಗಳ ಕಾಡೂ ಕಠೋರವಾದ ಚಳಿಗಾಲವೂ ಇರುವ ಯೂರೋಪು ಮತ್ತು ಉತ್ತರ ಅಮೆರಿಕಗಳಲ್ಲಿ. ಆ ಕಥೆಯನ್ನೇ ಈ ಹೊತ್ತು ನಿಮ್ಮ ಮುಂದಿಡಬೇಕೆಂದಿದ್ದೇನೆ.

ಮರವೆಂಬುದು ಒಂದಕ್ಕೊಂದು ಅಂಟಿಕೊಂಡ ನಾರುಗಳ ಕಟ್ಟು. ನಾರಿನ ಉದ್ದಕ್ಕೆ ಅದನ್ನು ಬಿಡಿಸುವುದು ಸುಲಭ, ಬೆಣೆಯೊಂದು ಸಾಕು. ನಾರಿಗೆ ಅಡ್ಡಲಾಗಿ ಹೋಗಬೇಕಾದರೆ ಪ್ರತಿಯೊಂದು ಎಳೆಯನ್ನೂ ತುಂಡರಿಸಲೇಬೇಕು. ಅದಕ್ಕೆ ಹಲ್ಲು ಬೇಕು. ಬೆಣೆ ಮತ್ತು ಹಲ್ಲು: ಸೌದೆಯ ಯಂತ್ರಗಳೆಲ್ಲವೂ ಈ ಎರಡರ ವಿಸ್ತರಣೆಯೇ.

ಹಲ್ಲಿನ ಕಥೆ ಆರಂಭವಾಗುವುದು ವಿಚಿತ್ರವಾದ ಸ್ಥಳದಲ್ಲಿ. ಮೊದಲ ಸರಪಳಿ ಗರಗಸ ಕೊಯ್ದದ್ದು ಮನುಷ್ಯನ ಮೂಳೆಯನ್ನು. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಸ್ಕಾಟ್ಲೆಂಡಿನ ಇಬ್ಬರು ವೈದ್ಯರು, ಜಾನ್ ಏಟ್ಕನ್ ಮತ್ತು ಜೇಮ್ಸ್ ಜೆಫ್ರೇ, ಎರಡು ತುದಿಗೂ ಹಿಡಿಯಿರುವ, ಸಣ್ಣ ಹಲ್ಲುಗಳ ಬಳುಕುವ ಸರಪಳಿಯೊಂದನ್ನು ಬಳಕೆಗೆ ತಂದರು. ಹೆರಿಗೆ ಕಷ್ಟವಾದಾಗ ತಾಯಿಯ ಕಟಿಸಂಧಿಯನ್ನು ಬಿಡಿಸುವುದಕ್ಕೂ ಕೊಳೆತ ಮೂಳೆಯನ್ನು ತೆಗೆಯುವುದಕ್ಕೂ ಅದು ಒದಗಿತು. ಅರಿವಳಿಕೆ ಇಲ್ಲದಿದ್ದ ಕಾಲವದು. ಗರಗಸ ಎಷ್ಟು ಹರಿತವೋ ರೋಗಿಯ ಯಾತನೆ ಅಷ್ಟು ಮೊಟಕು. 1830ರ ಸುಮಾರಿಗೆ ಜರ್ಮನಿಯ ಬರ್ನ್‌ಹಾರ್ಡ್ ಹೈನೆ ಒಂದು ಪಟ್ಟಿಯ ಅಂಚಿನ ಸುತ್ತ ಸರಪಳಿಯನ್ನು ಕೂರಿಸಿ, ಕೈಯಿಂದ ತಿರುಗಿಸುವ ಹಿಡಿಕೆ ಇಟ್ಟು, ಮೂಳೆ ಕೊಯ್ಯುವ ಉಪಕರಣವನ್ನು ಪರಿಷ್ಕರಿಸಿದ. ಇಂದಿನ ಯಂತ್ರದ ಆಕಾರ ಅದರಲ್ಲಿ ಆಗಲೇ ಮೂಡಿತ್ತು. ಇಲ್ಲದಿದ್ದುದು ಶಕ್ತಿಮೂಲವೊಂದೇ.

ಅಲ್ಲಿಂದ ಕಾಡಿಗೆ ಬರಲು ಮುಕ್ಕಾಲು ಶತಮಾನ ಹಿಡಿಯಿತು. 1905ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಸ್ಯಾಮ್ಯುಯೆಲ್ ಬೆನ್ಸ್, ಕ್ಯಾಲಿಫೋರ್ನಿಯಾದ ದೈತ್ಯ ಕೆಂಪುಮರಗಳನ್ನು ಕೆಡಹುವ ಉದ್ದೇಶದಿಂದ, ಕೊನೆಯಿಲ್ಲದೆ ಸುತ್ತುವ ಸರಪಳಿ ಗರಗಸಕ್ಕೆ ಪೇಟೆಂಟ್ ಪಡೆದ. ಜರ್ಮನಿಯಲ್ಲಿ ಆಂಡ್ರಿಯಾಸ್ ಸ್ಟೀಲ್ 1926ರಲ್ಲಿ ವಿದ್ಯುತ್ತಿನಿಂದ ನಡೆಯುವ ಗರಗಸವನ್ನು ರಚಿಸಿದ. ಮರುವರ್ಷವೇ ಎಮಿಲ್ ಲೆರ್ಪ್ ಡೋಲ್ಮಾರ್ ಬೆಟ್ಟದಲ್ಲಿ ಪೆಟ್ರೋಲ್ ಗರಗಸವನ್ನು ಓಡಿಸಿ ತೋರಿಸಿದ. 1929ರಲ್ಲಿ ಸ್ಟೀಲ್ ತಯಾರಿಸಿದ ಪೆಟ್ರೋಲ್ ಯಂತ್ರದ ತೂಕ 46 ಕಿಲೋಗ್ರಾಂ. ಅದನ್ನು ಇಬ್ಬರು ಹೊತ್ತು ಹಿಡಿಯಬೇಕಾಗಿತ್ತು. ಒಬ್ಬನೇ ಎತ್ತಬಲ್ಲ, ಹೇಗೆ ವಾಲಿಸಿದರೂ ನಿಲ್ಲದ ಯಂತ್ರಗಳು ಬಂದದ್ದು 1950ರ ಆಸುಪಾಸಿನಲ್ಲಿ. ಎಂಜಿನ್ ಹೀಗೆ ವರ್ಷದಿಂದ ವರ್ಷಕ್ಕೆ ಹಗುರಾಯಿತು, ಬಲವೂ ಆಯಿತು.

ಆದರೂ ಕೆಲಸ ಕುಂಟುತ್ತಿತ್ತು. ಕಾರಣ, ಎಂಜಿನ್ ಹೊಸದಾದರೂ ಹಲ್ಲು ಹಳೆಯದು. ಇಬ್ಬರು ಎಳೆಯುವ ಕೈಗರಗಸದ ಹಲ್ಲುಗಳನ್ನೇ ಸರಪಳಿಯ ಮೇಲೆ ಕೂರಿಸಿದ್ದರು: ಕೆಲವು ಹಲ್ಲು ನಾರನ್ನು ಗೀರುವುದಕ್ಕೆ, ಕೆಲವು ಗೀರಿದ್ದನ್ನು ಕೆರೆದು ಹೊರಹಾಕುವುದಕ್ಕೆ. ಕೈಯ ನಿಧಾನಕ್ಕೆ ಒಗ್ಗಿದ್ದ ಆ ವ್ಯವಸ್ಥೆ ಎಂಜಿನ್ನಿನ ವೇಗವನ್ನು ತಾಳಲಿಲ್ಲ. ಬಹುಬೇಗ ಮೊಂಡಾಗುತ್ತಿತ್ತು, ಮತ್ತೆ ಹರಿತಗೊಳಿಸಲು ನುರಿತವನೇ ಬೇಕಾಗಿತ್ತು.

ಈ ತೊಡಕನ್ನು ಬಿಡಿಸಿದವನು ಅಮೆರಿಕದ ಆರೆಗನ್ ಪ್ರಾಂತದ ಮರಕಡಿಯುವ ಕೆಲಸಗಾರ ಜೋಸೆಫ್ ಕಾಕ್ಸ್. ಅವನಿಗೆ ಪಾಠ ಹೇಳಿದ್ದು ಒಂದು ಹುಳು. 1946ರಲ್ಲಿ ಒಂದು ದಿನ ಮರದ ಬೊಡ್ಡೆಯೊಂದರಲ್ಲಿ ಅವನು ದುಂಬಿಯ ಮರಿಹುಳುವನ್ನು ಕಂಡ. ಆ ಜೀವಿ ನಾರಿನ ಉದ್ದಕ್ಕೂ ಅಡ್ಡಕ್ಕೂ ಸಮಾನ ಸಲೀಸಿನಿಂದ ಕೊರೆದುಕೊಂಡು ಹೋಗುತ್ತಿತ್ತು. ಎಂಜಿನ್ ಹಿಡಿದವನು ಏದುಸಿರು ಬಿಡುವಲ್ಲಿ ಹುಳುವಿಗೆ ಆಯಾಸವೇ ಇಲ್ಲ! ಕಾಕ್ಸ್ ಅದರ ದವಡೆಗಳನ್ನು ಅಭ್ಯಾಸ ಮಾಡಿದ. ಅವು ಒಳಕ್ಕೆ ಬಾಗಿದ ಕೊಕ್ಕೆಗಳಂತಿದ್ದು ಎಡಕ್ಕೂ ಬಲಕ್ಕೂ ಸರದಿಯಂತೆ ಚಲಿಸಿ, ಮರವನ್ನು ಗೀರದೆ ಚಕ್ಕೆಚಕ್ಕೆಯಾಗಿ ಎಬ್ಬಿಸುತ್ತಿದ್ದವು. ಆ ಬಾಗನ್ನೇ ಉಕ್ಕಿನಲ್ಲಿ ಮೂಡಿಸಿ, ಎಡಬಲಗಳಲ್ಲಿ ಒಂದು ಬಿಟ್ಟು ಒಂದರಂತೆ ಜೋಡಿಸಿದ. 1947ರಲ್ಲಿ ಪೋರ್ಟ್‌ಲೆಂಡ್ ನಗರದ ತನ್ನ ಮನೆಯ ನೆಲಮಾಳಿಗೆಯಲ್ಲಿ ಅಂಥ ಸರಪಳಿಗಳನ್ನು ಮಾಡಿ ಮಾರತೊಡಗಿದ. ಇಂದು ಲೋಕದಲ್ಲಿ ಓಡುತ್ತಿರುವ ಸರಪಳಿ ಗರಗಸಗಳ ಹಲ್ಲು ಬಹುಮಟ್ಟಿಗೆ ಆ ಹುಳುವಿನ ದವಡೆಯ ಸಂತತಿಯೇ.

ಹೊಸ ಹಲ್ಲು ಮತ್ತೊಂದು ಉಪಕಾರವನ್ನೂ ಮಾಡಿತು. ಅದನ್ನು ಹರಿತಗೊಳಿಸುವ ವಿದ್ಯೆ ಸಾಮಾನ್ಯನ ಕೈಗೆ ಬಂತು. ಬೇಕಾದುದು ಪೆನ್ಸಿಲಿಗಿಂತ ತೆಳ್ಳಗಿನ, ನಾಲ್ಕರಿಂದ ಐದೂವರೆ ಮಿಲಿಮೀಟರ್ ವ್ಯಾಸದ ಒಂದು ದುಂಡು ಅರ. ಸಾಮಾನ್ಯವಾಗಿ ಮೂವತ್ತು ಡಿಗ್ರಿಯ ಓರೆಯಲ್ಲಿ ಅದನ್ನು ಹಿಡಿದು, ಒಳಗಿನಿಂದ ಹೊರಕ್ಕೆ, ಒಂದೇ ದಿಕ್ಕಿನಲ್ಲಿ, ಪ್ರತಿ ಹಲ್ಲಿಗೂ ಅಷ್ಟಷ್ಟೇ ಸಲ ಉಜ್ಜಬೇಕು. ಒಂದು ಮಗ್ಗುಲಿನ ಹಲ್ಲು ಹೆಚ್ಚು ಸವೆದರೆ ಗರಗಸ ನೇರವಾಗಿ ಇಳಿಯದೆ ಓರೆಯಾಗಿ ಹೋಗುತ್ತದೆ. ಪ್ರತಿ ಹಲ್ಲಿನ ಮುಂದೆಯೂ ಒಂದು ಪುಟ್ಟ ದಿಬ್ಬವಿದೆ. ಹಲ್ಲು ಎಷ್ಟು ಆಳಕ್ಕೆ ಕಚ್ಚಬೇಕೆಂಬುದನ್ನು ನಿಯಮಿಸುವುದು ಅದೇ. ಬಹಳಷ್ಟು ಸರಪಳಿಗಳಲ್ಲಿ ಹಲ್ಲಿನ ತುದಿಗೂ ದಿಬ್ಬಕ್ಕೂ ಇರಬೇಕಾದ ಅಂತರ ಸುಮಾರು 0.65 ಮಿಲಿಮೀಟರ್. ಅಂತರ ಕಡಿಮೆಯಾದರೆ ಹಲ್ಲು ಕಚ್ಚುವುದಿಲ್ಲ. ಹೆಚ್ಚಾದರೆ ಅತಿಯಾಗಿ ಕಚ್ಚಿ ಯಂತ್ರ ಎಗರುತ್ತದೆ. ಗರಗಸದಿಂದ ದಪ್ಪ ಚಕ್ಕೆ ಹಾರುತ್ತಿದ್ದರೆ ಎಲ್ಲವೂ ಕ್ಷೇಮ. ಹಿಟ್ಟಿನಂಥ ಹುಡಿ ಉದುರತೊಡಗಿದರೆ ಅರ ತೆಗೆದುಕೊಳ್ಳಬೇಕೆಂದೇ ಅರ್ಥ. ಮರದಡಿಯ ಮಣ್ಣಿಗೆ ಒಂದು ಕ್ಷಣ ತಾಗಿದರೂ ಸಾಕು, ಹರಿತವೆಲ್ಲ ಹೋದಂತೆಯೇ. ಸರಪಳಿ ಓಡುವ ಪಟ್ಟಿಯ ಕಾಲುವೆಯಲ್ಲಿ ಹುಡಿ ಕಟ್ಟಿಕೊಳ್ಳದಂತೆ ತೆಗೆಯುತ್ತಿರಬೇಕು. ಎಣ್ಣೆಯ ರಂಧ್ರ ಮುಚ್ಚದಂತೆ ನೋಡಬೇಕು. ಎರಡು ಅಂಚೂ ಸಮನಾಗಿ ಸವೆಯುವಂತೆ ಆಗಾಗ ಪಟ್ಟಿಯನ್ನು ಮಗುಚಿ ಹಾಕಬೇಕು.

ಇವು ಕ್ಷುಲ್ಲಕ ವಿವರಗಳೆಂದು ತೋರಬಹುದು. ಹಾಗಲ್ಲ. ಹಲ್ಲು ಮೊಂಡಾದಾಗ ಮನುಷ್ಯ ಯಂತ್ರವನ್ನು ಒತ್ತುತ್ತಾನೆ, ಒತ್ತಿ ದಣಿಯುತ್ತಾನೆ, ದಣಿದಾಗ ಅವನ ಎಚ್ಚರ ತಪ್ಪುತ್ತದೆ. ಪಟ್ಟಿಯ ಮೂತಿಯ ಮೇಲ್ಭಾಗ ಕೊಂಬೆಗೋ ದಿಮ್ಮಿಗೋ ತಗುಲಿದರೆ ಗರಗಸ ಕಣ್ಣು ಮಿಟುಕಿಸುವಷ್ಟರಲ್ಲಿ ಹಿಡಿದವನ ಮುಖದತ್ತ ಒದೆಯುತ್ತದೆ. ಅದನ್ನು ತಡೆಯುವ ಸರಪಳಿ ಬ್ರೇಕು ಬಳಕೆಗೆ ಬಂದದ್ದು 1970ರ ದಶಕದಲ್ಲಿ. ಇನ್ನೊಂದು ಅಪಾಯ ಇಷ್ಟು ಪ್ರಕಟವಾದುದಲ್ಲ. ಅಮೆರಿಕದ ವೈದ್ಯೆ ಆಲಿಸ್ ಹ್ಯಾಮಿಲ್ಟನ್ 1918ರಲ್ಲಿ ಇಂಡಿಯಾನಾದ ಕಲ್ಲುಕುಟಿಗರ ಬೆರಳುಗಳು ಬೆಳ್ಳಗೆ ಬಿಳಿಚಿ ಮರಗಟ್ಟುವುದನ್ನು ಪರೀಕ್ಷಿಸಿ, ಗಾಳಿಸುತ್ತಿಗೆಯ ಅದುರಾಟವೇ ಕಾರಣವೆಂದು ತೋರಿಸಿದ್ದಳು. ಅದೇ ವ್ಯಾಧಿ 1960ರ ದಶಕದಲ್ಲಿ ಗರಗಸ ಹಿಡಿದ ಕಾಡಿನ ಕೆಲಸಗಾರರಲ್ಲಿ ಕಾಣಿಸಿಕೊಂಡಿತು. ಹಿಡಿಗೂ ಎಂಜಿನ್ನಿಗೂ ನಡುವೆ ರಬ್ಬರು ಕೂರಿಸಿ ಅದುರಾಟವನ್ನು ತಗ್ಗಿಸಲಾಯಿತು. ಬ್ರಿಟನ್ ಈ ‘ಬಿಳಿಬೆರಳು’ ವ್ಯಾಧಿಯನ್ನು ಪರಿಹಾರಕ್ಕೆ ಅರ್ಹವಾದ ಔದ್ಯೋಗಿಕ ರೋಗಗಳ ಪಟ್ಟಿಗೆ ಸೇರಿಸಿದ್ದು 1985ರಲ್ಲಿ. ಯಂತ್ರ ಎಷ್ಟೇ ಸುಧಾರಿಸಲಿ, ಮೊಂಡು ಹಲ್ಲು ಇಂದಿಗೂ ಅದುರಾಟವನ್ನು ಹೆಚ್ಚಿಸುತ್ತದೆ. ಅರ ಹಿಡಿಯುವ ಹತ್ತು ನಿಮಿಷ ಉಳಿಸಿದವನು ಅದರ ಬೆಲೆಯನ್ನು ತನ್ನ ಬೆರಳುಗಳಿಂದಲೇ ತೆರುತ್ತಾನೆ.

ಇನ್ನು ಬೆಣೆಯ ಮಾತು. ಹಸಿಮರದ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ನೀರೇ. ತೊಗಟೆ ಆ ನೀರನ್ನು ಹೊರಬಿಡದೆ ಹಿಡಿದಿರುತ್ತದೆ. ಸೀಳಿ ಒಡಲನ್ನು ಗಾಳಿಗೆ ತೆರೆದಾಗಲೇ ಅದು ಬೇಗ ಆರುವುದು. ತೇವ ನೂರಕ್ಕೆ ಇಪ್ಪತ್ತಕ್ಕಿಂತ ಕೆಳಗಿಳಿದ ಸೌದೆ ಚೆನ್ನಾಗಿ ಉರಿಯುತ್ತದೆ, ಉಳಿದದ್ದು ಹೊಗೆಯಾಡುತ್ತದೆ. ಸೀಳುವ ಕೊಡಲಿ ಕಡಿಯುವ ಕೊಡಲಿಯಂತೆ ತೆಳುವಲ್ಲ. ದಪ್ಪ ಕೆನ್ನೆಯ ಭಾರವಾದ ಬೆಣೆ ಅದು. ಫಿನ್ಲೆಂಡಿನ ಹೈಕ್ಕಿ ಕಾರ್ನಾ ಅದರ ಭಾರವನ್ನು ಒಂದು ಮಗ್ಗುಲಿಗೆ ಸರಿಸಿ, ಮರಕ್ಕೆ ತಾಗಿದೊಡನೆ ತಾನೇ ಹೊರಳಿ ಸಿಪ್ಪೆಯಂತೆ ಸೀಳನ್ನು ತೆರೆಯುವ ಸನ್ನೆಕೊಡಲಿಯನ್ನು ರೂಪಿಸಿದ.

ಯಂತ್ರಬೆಣೆಯ ಮೂಲ ಇನ್ನೂ ಹಿಂದಿನದು. ಮುಚ್ಚಿದ ದ್ರವದ ಮೇಲೆ ಹಾಕಿದ ಒತ್ತಡ ಎಲ್ಲ ಕಡೆಗೂ ಸಮನಾಗಿ ಹರಡುತ್ತದೆ ಎಂಬ ಪಾಸ್ಕಲನ ತತ್ತ್ವವನ್ನು ಇಂಗ್ಲೆಂಡಿನ ಜೋಸೆಫ್ ಬ್ರಾಮಾ 1795ರಲ್ಲಿ ಒತ್ತುಯಂತ್ರವಾಗಿ ಮಾರ್ಪಡಿಸಿದ. ಎಣ್ಣೆಯ ಒತ್ತಡದಿಂದ ದಿಮ್ಮಿಯನ್ನು ಬೆಣೆಗೆ ಒತ್ತುವ ಇಂದಿನ ಯಂತ್ರ ಅದರ ಮರಿಮಗ. ಬರಿದಾದ ದೂರವನ್ನು ಬೇಗನೆ ಸಾಗಿ, ಮರ ಎದುರಾದೊಡನೆ ನಿಧಾನವಾಗಿ ಟನ್ನುಗಟ್ಟಲೆ ಬಲ ಹಾಕುವ ಎರಡು ಹಂತದ ಪಂಪು ಅದರ ಜೀವಾಳ. 1973ರ ತೈಲ ಬಿಕ್ಕಟ್ಟು ಅಮೆರಿಕದ ಎಷ್ಟೋ ಮನೆಗಳನ್ನು ಸೌದೆಯ ಒಲೆಗೆ ಹಿಂದಿರುಗಿಸಿದಾಗ ಇಂಥ ಯಂತ್ರಗಳಿಗೆ ಬೇಡಿಕೆ ಬಂತು. ಕಾರಿನ ಹಿಂದಿನ ಚಕ್ರ ಕಳಚಿ ಆ ಜಾಗದಲ್ಲಿ ತಿರುಪಿನ ಶಂಕುವನ್ನು ಕೂರಿಸಿ ಸೌದೆ ಸೀಳುವ ಅಪಾಯಕರ ಸಾಹಸವೂ ಆ ದಶಕದಲ್ಲಿ ನಡೆಯಿತು. ಈಗ ಯೂರೋಪಿನ ಅನೇಕ ಯಂತ್ರಗಳು ಎರಡು ಹಿಡಿಗಳನ್ನೂ ಒಟ್ಟಿಗೆ ಒತ್ತಿದರೆ ಮಾತ್ರ ಚಲಿಸುತ್ತವೆ. ಎರಡು ಕೈಗೂ ಕೆಲಸವಿದ್ದಾಗ ಯಾವ ಕೈಯೂ ಬೆಣೆಯ ಕೆಳಗೆ ಹೋಗದು.

2013ರ ಫೆಬ್ರವರಿಯಲ್ಲಿ ನಾರ್ವೆಯ ದೂರದರ್ಶನ ಒಂದೇ ರಾತ್ರಿ ಹನ್ನೆರಡು ಗಂಟೆ ಕಾಲ ಸೌದೆಯ ಕಾರ್ಯಕ್ರಮವನ್ನು ಪ್ರಸಾರ ಮಾಡಿತು. ಅದರ ಹೆಚ್ಚಿನ ಭಾಗ ಬರಿದೇ ಉರಿಯುವ ಬೆಂಕಿ. ಸೌದೆಯನ್ನು ಒಟ್ಟುವಾಗ ತೊಗಟೆ ಮೇಲಿರಬೇಕೋ ಕೆಳಗಿರಬೇಕೋ ಎಂದು ನೋಡುಗರು ಜಗಳವಾಡಿದರಂತೆ. ನಗು ಬರಬಹುದು. ಆದರೆ ಬೆಂಕಿಯ ಬೆಲೆ ತಿಳಿದವರ ಜಗಳವದು.

ತೋಳಿನ ಶ್ರಮವನ್ನು ಎಂಜಿನ್ ವಹಿಸಿಕೊಂಡಿತು, ಸುತ್ತಿಗೆಯ ಪೆಟ್ಟನ್ನು ಎಣ್ಣೆ ವಹಿಸಿಕೊಂಡಿತು. ಆದರೂ ಸಂಜೆ ಕೆಲಸ ಮುಗಿಸಿದ ಮರಕಡಿಯುವವನು ಇಂದಿಗೂ ಬೊಡ್ಡೆಯ ಮೇಲೆ ಕುಳಿತು, ಗರಗಸವನ್ನು ತೊಡೆಯ ಮೇಲಿಟ್ಟುಕೊಂಡು, ದುಂಡು ಅರದಿಂದ ಹಲ್ಲುಗಳನ್ನು ಒಂದೊಂದಾಗಿ ಉಜ್ಜುತ್ತಾನೆ. ಅಷ್ಟು ವ್ಯವಧಾನ ಅವನಿಗಿದ್ದರೆ ನಾಳೆಯೂ ಅವನ ಹತ್ತು ಬೆರಳು ಅವನವೇ.