ಕೂಟ ಬೇರೆಯಾದರೂ ಕೊಳ ಒಂದೇ: ಅಮೆರಿಕದ ಕಾಲೇಜು ಮಹಿಳಾ ವಾಟರ್ ಪೋಲೊದಲ್ಲಿ ಕಾನ್ಫರೆನ್ಸ್ ಮರುವಿಂಗಡಣೆ

2024ರ ಮೇ ತಿಂಗಳಲ್ಲಿ ಬರ್ಕ್ಲಿಯ ಈಜುಕೊಳದಲ್ಲಿ ನಡೆದ ರಾಷ್ಟ್ರೀಯ ಫೈನಲ್‌ನಲ್ಲಿ ಯುಸಿಎಲ್‌ಎ ಮಹಿಳೆಯರು ಆತಿಥೇಯ ಕ್ಯಾಲಿಫೋರ್ನಿಯಾ (ಬರ್ಕ್ಲಿ) ತಂಡವನ್ನು 7–4ರಿಂದ ಸೋಲಿಸಿದರು. ಆ ಋತುವಿನ 26 ಪಂದ್ಯಗಳಲ್ಲಿ ಅವರು ಒಂದನ್ನೂ ಸೋತಿರಲಿಲ್ಲ. ಆಗಸ್ಟ್ ಹೊತ್ತಿಗೆ ಎರಡೂ ವಿಶ್ವವಿದ್ಯಾಲಯಗಳು ಪ್ಯಾಕ್-12 ಕೂಟವನ್ನು, ಅಂದರೆ ತಮ್ಮತಮ್ಮಲ್ಲೇ ಸ್ಪರ್ಧೆ ನಡೆಸುವ ವಿಶ್ವವಿದ್ಯಾಲಯಗಳ ಗುಂಪನ್ನು (ಕಾನ್ಫರೆನ್ಸ್), ಬಿಟ್ಟಿದ್ದವು. ಯುಸಿಎಲ್‌ಎ ಬಿಗ್ ಟೆನ್‌ಗೆ ಹೋಯಿತು, ಬರ್ಕ್ಲಿ ಅಟ್ಲಾಂಟಿಕ್ ಕೋಸ್ಟ್ ಕಾನ್ಫರೆನ್ಸ್‌ಗೆ. ಯುಎಸ್‌ಸಿ ಯುಸಿಎಲ್‌ಎಯ ಜೊತೆಗೂ ಸ್ಟ್ಯಾನ್‌ಫರ್ಡ್ ಬರ್ಕ್ಲಿಯ ಜೊತೆಗೂ ನಡೆದವು.

ಈ ವಲಸೆಗೆ ಕಾರಣ ಅಮೆರಿಕನ್ ಫುಟ್‌ಬಾಲ್ ಮತ್ತು ಅದರ ಟಿವಿ ಹಕ್ಕಿನ ಹಣ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎನ್ನುತ್ತೇವಲ್ಲ, ಹಾಗೆ ಫುಟ್‌ಬಾಲ್ ಎಳೆದ ದಿಕ್ಕಿಗೆ ನೀರಿನ ಆಟ ಹೋಗಲೇ ಇಲ್ಲ. ಹೊಸ ಕೂಟಗಳೆರಡರಲ್ಲೂ ಮಹಿಳಾ ವಾಟರ್ ಪೋಲೊ ಸ್ಪರ್ಧೆಯೇ ಇರಲಿಲ್ಲ. ಅದನ್ನು ನಡೆಸುವಷ್ಟು ತಂಡಗಳು ಅವುಗಳಲ್ಲಿಲ್ಲ. ಬಿಗ್ ಟೆನ್‌ನ ಹಳೆಯ ಸದಸ್ಯರಲ್ಲಿ ಈ ಆಟವನ್ನು ಉಳಿಸಿಕೊಂಡಿರುವವು ಇಂಡಿಯಾನಾ ಮತ್ತು ಮಿಷಿಗನ್ ಮಾತ್ರ.

ಹಾಗಾದರೆ ಹುಡುಗಿಯರು ಆಡಿದ್ದೆಲ್ಲಿ? ಮೌಂಟನ್ ಪೆಸಿಫಿಕ್ ಸ್ಪೋರ್ಟ್ಸ್ ಫೆಡರೇಷನ್‌ನಲ್ಲಿ, ಅಂದರೆ ಮೊದಲಿನಿಂದಲೂ ಆಡುತ್ತಿದ್ದ ಕಡೆಯೇ. ದೊಡ್ಡ ಕೂಟಗಳು ನಡೆಸದ ಆಟಗಳಿಗೆ ಒಂದು ನೆಲೆ ಬೇಕೆಂದು 1992ರಲ್ಲಿ ಹುಟ್ಟಿದ ಸಂಸ್ಥೆ ಇದು. ಪ್ಯಾಕ್-12 ಕೂಡ ವಾಟರ್ ಪೋಲೊ ನಡೆಸುತ್ತಿರಲಿಲ್ಲ ಎಂಬುದನ್ನು 2024ರ ಬಗ್ಗೆ ಬರೆಯುವವರು ಮರೆಯುತ್ತಾರೆ. ಇಲ್ಲದ ಗೋಡೆ ಬೀಳುವುದು ಹೇಗೆ?

ನನ್ನ ವಾದ ಇಷ್ಟು: ಈ ಆಟದ ನಿಜವಾದ ಮರುವಿಂಗಡಣೆ 2024ಕ್ಕಿಂತ ಬಹಳ ಮೊದಲೇ, ಸದ್ದಿಲ್ಲದೆ ನಡೆದಿತ್ತು. ಅದಕ್ಕೆ ನೆಲ ಹದ ಮಾಡಿದ್ದು ಶಿಕ್ಷಣದಲ್ಲಿ ಲಿಂಗ ತಾರತಮ್ಯವನ್ನು ನಿಷೇಧಿಸಿದ 1972ರ ಟೈಟಲ್ 9 ಕಾನೂನು. 1994ರಲ್ಲಿ ಕಾಲೇಜು ಕ್ರೀಡೆಗಳ ರಾಷ್ಟ್ರೀಯ ಸಂಸ್ಥೆ ಎನ್‌ಸಿಎಎ ಮಹಿಳಾ ವಾಟರ್ ಪೋಲೊವನ್ನು ಬೆಳೆಯುತ್ತಿರುವ ಕ್ರೀಡೆಗಳ ಪಟ್ಟಿಗೆ ಸೇರಿಸಿತು. 2000ದ ಸಿಡ್ನಿ ಒಲಿಂಪಿಕ್ಸ್‌ನಲ್ಲಿ ಮಹಿಳೆಯರು ಮೊದಲ ಸಲ ಈ ಆಟ ಆಡಿದರು. ಗಂಡಸರು ಒಲಿಂಪಿಕ್ಸ್‌ನಲ್ಲಿ ಆಡತೊಡಗಿ ಆಗಲೇ ನೂರು ವರ್ಷ ಕಳೆದಿತ್ತು. ಮರುವರ್ಷ, 2001ರಲ್ಲಿ, ಎನ್‌ಸಿಎಎ ಚಾಂಪಿಯನ್‌ಷಿಪ್ ಶುರುವಾಯಿತು. ಮೊದಲು ಅಲ್ಲಿದ್ದದ್ದು ನಾಲ್ಕೇ ತಂಡಗಳಿಗೆ ಜಾಗ.

ಜಾಗದ ಈ ಕೊರತೆಯೇ ಮುಖ್ಯ. ಕೂಟ ಗೆದ್ದ ತಂಡಕ್ಕೆ ರಾಷ್ಟ್ರೀಯ ಕಣಕ್ಕೆ ನೇರ ಪ್ರವೇಶ ಸಿಗುತ್ತದೆ. ಆದರೆ ಯುಸಿಎಲ್‌ಎ, ಸ್ಟ್ಯಾನ್‌ಫರ್ಡ್, ಯುಎಸ್‌ಸಿ ಇರುವ ಕೂಟವನ್ನು ಗೆಲ್ಲುವವರಾರು? 2001ರಿಂದ 2025ರವರೆಗಿನ ಎಲ್ಲ ರಾಷ್ಟ್ರೀಯ ಪ್ರಶಸ್ತಿಗಳೂ ಈ ಮೂರರ ಪಾಲಾಗಿವೆ. ಬಿಗ್ ವೆಸ್ಟ್ ಎಂಬ ಇನ್ನೊಂದು ಕೂಟ 2008ರ ಋತುವಿನಿಂದ ತನ್ನದೇ ಸ್ಪರ್ಧೆ ತೆರೆದಾಗ ಅರ್ವೈನ್, ಸಾಂಟಾ ಬಾರ್ಬರಾದಂಥ ತಂಡಗಳಿಗೆ ಬೇರೊಂದು ಬಾಗಿಲು ಸಿಕ್ಕಿತು.  ಮುಂದೆ ವಾಟರ್ ಪೋಲೊಗೆಂದೇ ಗೋಲ್ಡನ್ ಕೋಸ್ಟ್ ಕಾನ್ಫರೆನ್ಸ್ ಕಟ್ಟಿಕೊಂಡ ಕ್ಯಾಲಿಫೋರ್ನಿಯಾದ ಇತರ ಕಾಲೇಜುಗಳದ್ದೂ ಇದೇ ಲೆಕ್ಕಾಚಾರವೆಂದು ನನ್ನ ತಿಳಿವಳಿಕೆ. ಈ ನಡೆಗಳ ಹಿಂದೆ ಟಿವಿಯ ಹಣವಿರಲಿಲ್ಲ. ನೆಲಕ್ಕೆ ಕಾಲೂರದೆ, ನೀರಿನಲ್ಲಿ ಕಾಲನ್ನು ಕಡೆಗೋಲಿನಂತೆ ತಿರುಗಿಸುತ್ತಲೇ ಎಂಟೆಂಟು ನಿಮಿಷದ ನಾಲ್ಕು ಅವಧಿ ಹೋರಾಡುವ ಆಟಗಾರ್ತಿಗೆ ಮೇ ತಿಂಗಳಲ್ಲಿ ಒಂದು ಪಂದ್ಯವಾದರೂ ಸಿಗಲಿ ಎಂಬ ಆಸೆಯಿತ್ತು. ನಾನು ಇವನ್ನೇ ಹೆಚ್ಚು ಗೌರವಿಸುತ್ತೇನೆ.

ಪೂರ್ವದ ಚಿತ್ರ ಬೇರೆ. ಅಲ್ಲಿ ಆಟದ ಆಸರೆ ಕೊಲಿಜಿಯೇಟ್ ವಾಟರ್ ಪೋಲೊ ಅಸೋಸಿಯೇಷನ್. ಮಿಷಿಗನ್ ಅಲ್ಲೇ ಉಳಿದಿದೆ. ಇಂಡಿಯಾನಾ ಮಾತ್ರ ಅದನ್ನು ಬಿಟ್ಟು ಮೌಂಟನ್ ಪೆಸಿಫಿಕ್ ಸೇರಿ, ಸುಮಾರು 3000 ಕಿ.ಮೀ. ದೂರದ ಎದುರಾಳಿಗಳನ್ನು ತಾನೇ ಆರಿಸಿಕೊಂಡಿತು. ಬಲವಾದವರೊಡನೆ ಆಡಿಯೇ ಬಲಿಯಬೇಕೆಂಬ ಆಯ್ಕೆಯಾಗಿ ನಾನಿದನ್ನು ಓದುತ್ತೇನೆ.

2025ರ ಫೈನಲ್ ಇಂಡಿಯಾನಾಪೊಲಿಸ್‌ನಲ್ಲಿ ನಡೆಯಿತು. ಸ್ಟ್ಯಾನ್‌ಫರ್ಡ್ ಯುಎಸ್‌ಸಿಯನ್ನು ಸೋಲಿಸಿ ತನ್ನ ಹತ್ತನೆಯ ಪ್ರಶಸ್ತಿ ಪಡೆಯಿತು. ಕಾಗದದ ಮೇಲೆ ಒಂದು ಅಟ್ಲಾಂಟಿಕ್ ಕೋಸ್ಟ್‌ನದು, ಇನ್ನೊಂದು ಬಿಗ್ ಟೆನ್‌ನದು. ಎರಡೂ ಆ ಋತುವನ್ನು ಆಡಿದ್ದು ಮೌಂಟನ್ ಪೆಸಿಫಿಕ್‌ನಲ್ಲೇ.