ಬೀದಿಯಿಂದ ಸೂರಿನಡಿಗೆ: ಸಿಂಗಪುರದ ತಿಂಡಿ ಅಂಗಡಿಗಳ ಕಥೆ

ಊರು ಬೆಳೆಯುವಾಗ ಮೊದಲು ಪೆಟ್ಟು ತಿನ್ನುವವನು ಬೀದಿಯಲ್ಲಿ ತಿಂಡಿ ಮಾರುವವನು. ರಸ್ತೆ ಅಗಲವಾಗಬೇಕೆಂದರೆ ಅವನ ಗಾಡಿ ಸರಿಯಬೇಕು. ಚರಂಡಿ ತೋಡಬೇಕೆಂದರೆ ಅವನ ಒಲೆ ಆರಬೇಕು. ದೊಡ್ಡ ಕಟ್ಟಡವೇ ಬಂದುಬಿಟ್ಟರೆ ಅವನು ಎಲ್ಲಿ ಹೋದನೆಂದು ಕೇಳುವವರೂ ಇರುವುದಿಲ್ಲ. ಈ ಮಾತು ನಮ್ಮ ನಾಡಿಗೂ ಸಲ್ಲುತ್ತದೆ, ಪರನಾಡಿಗೂ ಸಲ್ಲುತ್ತದೆ. ಆದರೆ ನಾವು ನೆಲೆಸಿರುವ ಈ ಸಿಂಗಪುರದಲ್ಲಿ ಹೆಚ್ಚುಕಡಿಮೆ ಇಡೀ ಊರನ್ನೇ ಕೆಡವಿ ಕಟ್ಟಿದ ಕಾಲದಲ್ಲಿ, ತಿಂಡಿ ಮಾರುವವನಿಗೂ ನಕ್ಷೆಯಲ್ಲಿ ಒಂದು ಜಾಗ ಗುರುತಿಸಿದರು. ಅದರ ಫಲವೇ ನಮ್ಮ ಮನೆಗಳ ಕೆಳಗೆ, ರೈಲು ನಿಲ್ದಾಣಗಳ ಪಕ್ಕದಲ್ಲಿ ಕಾಣುವ ಹಾಕರ್ ಸೆಂಟರುಗಳು. ನಾವು ಅಲ್ಲಿ ಪ್ರತಿದಿನ ಎಂಬಂತೆ ಕಾಫಿ ಕುಡಿಯುತ್ತೇವೆ. ಅವು ಹೇಗೆ ಬಂದವು, ಅದಕ್ಕೆ ಯಾರು ಏನು ತೆತ್ತರು ಎಂಬುದನ್ನು ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

ಹಳೆಯ ಸಿಂಗಪುರದ ಅಂಗಡಿಮನೆಗಳ ಮುಂದೆ ಉದ್ದಕ್ಕೂ ಸಾಗುವ ಒಂದು ಕೈಸಾಲೆ ಇರುತ್ತದೆ. 1822ರಲ್ಲಿ ರಾಫಲ್ಸನು ಪಟ್ಟಣದ ನಕ್ಷೆ ಮಾಡಿಸಿದಾಗ, ಪ್ರತಿ ಮನೆಯ ಮುಂದೆಯೂ ಮಳೆ-ಬಿಸಿಲಿಗೆ ಆಸರೆಯಾಗುವಂತೆ ಇಂತಹ ಜಗಲಿ ಇರಬೇಕೆಂದು ವಿಧಿಸಿದನು. ಪಾದಚಾರಿಗಳಿಗೆಂದು ಮಾಡಿದ ಈ ‘ಐದಡಿ ದಾರಿ’ ಕಾಲಕ್ರಮದಲ್ಲಿ ಚಿಕ್ಕ ವ್ಯಾಪಾರಿಗಳ ಸಂತೆಯಾಯಿತು. ಚೀನೀಯನು ಹೆಗಲ ಮೇಲೆ ಅಡ್ಡೆ ಹೊತ್ತು, ಒಂದು ತುದಿಗೆ ಒಲೆ, ಇನ್ನೊಂದಕ್ಕೆ ಪಾತ್ರೆ ತೂಗುಹಾಕಿಕೊಂಡು ಬರುತ್ತಿದ್ದ. ನೂಡಲ್ ಮಾರುವವನ ಹುಡುಗ ಎರಡು ಬಿದಿರು ತುಂಡುಗಳನ್ನು ‘ಟೊಕ್ ಟೊಕ್’ ಎಂದು ಬಡಿಯುತ್ತ ಮುಂದೆ ಹೋಗುತ್ತಿದ್ದ. ಆ ಸದ್ದೇ ಅದಕ್ಕೆ ಹೆಸರಾಯಿತು. ತಮಿಳರು ತಲೆಯ ಮೇಲೆ ಹಲಗೆ ಹೊತ್ತು ಹುರಿಗಡಲೆ, ಬಟಾಣಿ ಮಾರುತ್ತಿದ್ದರು. ಪುಟು ಮಾಯಂ ಎಂಬ ತಿಂಡಿಯೂ ಹೀಗೆಯೇ ಬಂದಿತು. ಅದು ನಮ್ಮ ಒತ್ತುಶಾವಿಗೆಯ ಸೋದರನೇ. ಬೆಲ್ಲ, ತೆಂಗಿನತುರಿಗಳ ಜೊತೆಗೆ ತಿನ್ನುವುದನ್ನು ನೋಡಿದರೆ ಮಲೆನಾಡಿನವರಿಗೂ ಅನುಮಾನ ಉಳಿಯದು.

ಇದೆಲ್ಲ ಕೇಳಲು ಸೊಗಸು. ಆದರೆ ಅಂದಿನ ಸ್ಥಿತಿ ಅಷ್ಟು ಸೊಗಸಾಗಿರಲಿಲ್ಲ. ಎರಡನೆಯ ಮಹಾಯುದ್ಧದ ಅನಂತರ ಕೆಲಸವಿಲ್ಲದವರಿಗೆಲ್ಲ ಒಂದು ಒಲೆ, ಒಂದು ಬಾಣಲೆಯೇ ಗತಿಯಾಯಿತು. ಬೀದಿಯಲ್ಲಿ ನಲ್ಲಿ ಇಲ್ಲ. ಒಂದು ಬಕೆಟ್ಟು ನೀರಿನಲ್ಲಿ ದಿನವಿಡೀ ಬಟ್ಟಲು ತೊಳೆಯುವುದು, ಉಳಿದದ್ದನ್ನು ಚರಂಡಿಗೆ ಸುರಿಯುವುದು, ಚರಂಡಿ ನದಿಗೆ ಸೇರುವುದು. ವಿಷಮಶೀತಜ್ವರ, ಕಾಲರಾಗಳ ಭಯ ಸದಾ ಇದ್ದಿತು. ಅಧಿಕಾರಿಗಳು ದಾಳಿಗೆ ಬಂದರೆ ವ್ಯಾಪಾರಿ ಬಿಸಿ ಬಾಣಲೆಯೊಡನೆ ಓಡಬೇಕು. ಅವರು ಹೋದ ಮೇಲೆ ರೌಡಿಗಳ ಗುಂಪಿಗೆ ಕಪ್ಪ ಕೊಡಬೇಕು. ಈ ವಿಷಯವನ್ನು ವಿಚಾರಿಸಲು 1950ರಲ್ಲಿ ಬ್ರಿಟಿಷ್ ಸರಕಾರ ಒಂದು ಆಯೋಗವನ್ನೇ ನೇಮಿಸಿತು. ಬೀದಿ ವ್ಯಾಪಾರಿ ಒಂದು ತೊಂದರೆಯೂ ಹೌದು, ಬಡವನ ಅನ್ನದಾತನೂ ಹೌದು ಎಂಬ ಇಕ್ಕಟ್ಟು ಅಂದಿನಿಂದಲೂ ಆಳುವವರನ್ನು ಬಿಡಲಿಲ್ಲ.

ಮುಂದೆ ಊರಿನ ರೂಪವೇ ಬದಲಾಗುವ ಕಾಲ ಬಂದಿತು. 1960ರ ಫೆಬ್ರವರಿಯಲ್ಲಿ ಗೃಹನಿರ್ಮಾಣ ಮಂಡಳಿ ಸ್ಥಾಪಿತವಾಯಿತು. ಮರುವರ್ಷ ಮೇ 25ರಂದು ಬುಕಿಟ್ ಹೋ ಸ್ವೀ ಎಂಬ ಗುಡಿಸಲುಗಳ ಕೇರಿಗೆ ಬೆಂಕಿ ಬಿದ್ದು ಸುಮಾರು 16,000 ಜನ ನಿರ್ಗತಿಕರಾದರು. ಅವರಿಗೆ ತ್ವರಿತವಾಗಿ ಮಹಡಿಮನೆಗಳನ್ನು ಕಟ್ಟಿಕೊಟ್ಟ ಕಾರ್ಯವೇ ಮಂಡಳಿಗೆ ಹೆಸರು ತಂದಿತು. ಕೇರಿಗಳು ಹೋಗಿ ಹೊಸ ಬಡಾವಣೆಗಳು ಎದ್ದವು. ಗಂಡಸರು ಹೆಂಗಸರೆನ್ನದೆ ಕಾರ್ಖಾನೆ ಸೇರಿದರು. ಮನೆಯಲ್ಲಿ ಅಡುಗೆಗೆ ಹೊತ್ತಿಲ್ಲ; ಹೊರಗೆ ಅಗ್ಗವಾಗಿ ಊಟ ಸಿಗಲೇಬೇಕು. ಊಟ ದುಬಾರಿಯಾದರೆ ಕೂಲಿಯೂ ಏರಬೇಕು, ಕೂಲಿ ಏರಿದರೆ ಕಾರ್ಖಾನೆ ಬೇರೆಡೆಗೆ ಹೋದೀತು. ಹೀಗೆ ಬೀದಿಯವನ ಅಗ್ಗದ ಬಟ್ಟಲು ದೇಶದ ಅರ್ಥವ್ಯವಸ್ಥೆಗೇ ಬೇಕಾದ ವಸ್ತುವಾಯಿತು. ಅವನನ್ನು ಓಡಿಸುವಂತಿಲ್ಲ, ಇದ್ದಲ್ಲಿ ಬಿಡುವಂತೆಯೂ ಇಲ್ಲ.

ಆಗ ಸರಕಾರ ಮಾಡಿದ ಮೊದಲ ಕೆಲಸವೆಂದರೆ ಎಣಿಕೆ. ನಮ್ಮ ದೃಷ್ಟಿಯಲ್ಲಿ ಈ ಇತಿಹಾಸದ ತಿರುಳೇ ಇದು. 1968-69ರಲ್ಲಿ ದ್ವೀಪವಿಡೀ ಸುತ್ತಿ ಬೀದಿ ವ್ಯಾಪಾರಿಗಳನ್ನು ನೋಂದಾಯಿಸಿದರು. ಲೆಕ್ಕ ಸುಮಾರು 18,000ಕ್ಕೆ ಮುಟ್ಟಿತು. ಪರವಾನಗಿ ಕೊಟ್ಟು, ದೊಡ್ಡ ರಸ್ತೆಗಳಿಂದ ಒಳಬೀದಿಗಳಿಗೆ, ಕಾರು ನಿಲ್ಲಿಸುವ ಬಯಲುಗಳಿಗೆ ತಾತ್ಕಾಲಿಕವಾಗಿ ಸರಿಸಿದರು. 1971ರಿಂದ ಸೂರುಳ್ಳ ಕಟ್ಟಡಗಳನ್ನು ಕಟ್ಟತೊಡಗಿದರು. 1974ರಿಂದ 1979ರವರೆಗಿನ ಅವಧಿಯಲ್ಲೇ 54 ಕೇಂದ್ರಗಳು ಸಿದ್ಧವಾದವು. 1986ರ ಹೊತ್ತಿಗೆ ನೋಂದಾಯಿತ ವ್ಯಾಪಾರಿಗಳೆಲ್ಲರ ಪುನರ್ವಸತಿ ಮುಗಿಯಿತು. ಪ್ರತಿ ಮಳಿಗೆಗೂ ನಲ್ಲಿ, ವಿದ್ಯುತ್ತು, ಕೊಳಕು ನೀರು ಹೋಗಲು ದಾರಿ; ನಡುವೆ ಎಲ್ಲರಿಗೂ ಸೇರಿದ ಮೇಜುಗಳು. ಮೊದಲ ತಲೆಮಾರಿನವರಿಗೆ ರಿಯಾಯಿತಿಯ ಬಾಡಿಗೆ.

ಇಲ್ಲಿ ಒಂದು ಮಾತನ್ನು ಮರೆಯಬಾರದು. ಹೋದವರೆಲ್ಲ ನಗುನಗುತ್ತ ಹೋಗಲಿಲ್ಲ. ಬೀದಿಯಲ್ಲಿ ಬಾಡಿಗೆಯೇ ಇಲ್ಲದಿದ್ದವನಿಗೆ ರಿಯಾಯಿತಿ ಬಾಡಿಗೆಯೂ ಭಾರವೇ. ಇಪ್ಪತ್ತು ವರ್ಷ ಒಂದೇ ಮೂಲೆಯಲ್ಲಿ ನಿಂತವನಿಗೆ ಆ ಮೂಲೆಯ ಗಿರಾಕಿಗಳೇ ಆಸ್ತಿ. ಅದನ್ನು ಯಾವ ಕಚೇರಿಯೂ ಕಟ್ಟಿಕೊಡಲಾರದು. ಬಿದಿರು ಬಡಿಯುವ ಹುಡುಗನಿಗಂತೂ ಹೊಸ ಕಟ್ಟಡದಲ್ಲಿ ಕೆಲಸವೇ ಉಳಿಯಲಿಲ್ಲ.

ನಮ್ಮವರಿಗೆಲ್ಲ ಪರಿಚಿತವಾದ ತೆಕ್ಕಾ ಮಾರುಕಟ್ಟೆಯನ್ನೇ ನೋಡೋಣ. ಸೆರಂಗೂನ್ ರಸ್ತೆಯ ಈ ಪ್ರದೇಶ ಹಿಂದೆ ದನಕರುಗಳ ವ್ಯಾಪಾರದ ತಾಣ. ಅದರಲ್ಲಿ ಭಾರತೀಯರ ಕೈ ದೊಡ್ಡದಿತ್ತು. ಮಲಯ ಭಾಷೆಯಲ್ಲಿ ಇದಕ್ಕೆ ‘ಕಂದಾಂಗ್ ಕೆರ್ಬಾವ್’ ಎಂದು ಹೆಸರು. ಕನ್ನಡದಲ್ಲಿ ಹೇಳುವುದಾದರೆ ಎಮ್ಮೆದೊಡ್ಡಿ! ನಮ್ಮ ಕಡೂರು ಸೀಮೆಯಲ್ಲಿ ಇದೇ ಹೆಸರಿನ ಊರಿದೆಯಲ್ಲವೆ? ನಮ್ಮಲ್ಲಿ ಅನೇಕರ ಮಕ್ಕಳು ಹುಟ್ಟಿದ ಕೆ. ಕೆ. ಆಸ್ಪತ್ರೆಯ ಹೆಸರಿನ ಎರಡು ಅಕ್ಷರಗಳೂ ಇವೇ. ಇಲ್ಲಿ 1915ರಲ್ಲಿ ಮಾರುಕಟ್ಟೆ ಕಟ್ಟಿದರು. 1982ರಲ್ಲಿ ಅದನ್ನು ರಸ್ತೆಯ ಆಚೆಗೆ ಹೊಸ ಕಟ್ಟಡಕ್ಕೆ ವರ್ಗಾಯಿಸಿ, ತೆಕ್ಕಾ ಎಂಬ ಹೊಕ್ಕಿಯನ್ ಹೆಸರನ್ನು ಮ್ಯಾಂಡರಿನ್ ಉಚ್ಚಾರಣೆಗೆ ತಿರುಗಿಸಿ ‘ಝುಜ್ಯಾವ್’ ಎಂದು ಕರೆದರು. ಆದರೆ ಜನರ ನಾಲಗೆ ಸರಕಾರದ ಫಲಕವನ್ನು ಒಪ್ಪಲಿಲ್ಲ. ಚೀನೀಯರು, ಮಲಯರು, ತಮಿಳರು ಎಲ್ಲರೂ ತೆಕ್ಕಾ ಎಂದೇ ಅಂದರು. ಕೊನೆಗೆ 2000ದಲ್ಲಿ ಸರಕಾರವೇ ತೆಕ್ಕಾ ಎಂದು ಮರುನಾಮಕರಣ ಮಾಡಿತು. ಹೊಟ್ಟೆಗೆ ಸಂಬಂಧಿಸಿದ ಹೆಸರನ್ನು ಬದಲಿಸುವುದು ಸುಲಭವಲ್ಲ.

ಇದಕ್ಕಿಂತಲೂ ಗಮನಿಸಬೇಕಾದದ್ದು ಹಳೆಯ ಮಾರುಕಟ್ಟೆ ಇದ್ದ ನಿವೇಶನದ ಕಥೆ. ಅಲ್ಲಿ 2003ರಲ್ಲಿ ಹವಾನಿಯಂತ್ರಿತ ಮಳಿಗೆಗಳ ದೊಡ್ಡ ಸೌಧ ಎದ್ದಿತು. ಮಧ್ಯದಲ್ಲಿ ಹೆಸರು ಬದಲಾಯಿಸಿಕೊಂಡು 2017ರಲ್ಲಿ ಮುಚ್ಚಿಹೋಯಿತು. ಅದನ್ನು ಕೆಡವಿ ಕಟ್ಟಿದ ಇನ್ನೊಂದು ಸೌಧ 2020ರಲ್ಲಿ ತೆರೆಯಿತು. ಎದುರಿಗೆ ಮೀನು, ಕರಿಬೇವು, ಬಾಳೆಎಲೆ ಮಾರುವ ತೆಕ್ಕಾ ಮಾತ್ರ 1982ರಿಂದ ಅಲ್ಲಿಯೇ ಇದೆ. ತಂಪು ಗಾಳಿ ಗಿರಾಕಿಯನ್ನು ಕರೆತರಬಹುದು. ಮತ್ತೆ ಮತ್ತೆ ಬರುವಂತೆ ಮಾಡುವುದು ಬೇರೆಯೇ ವಿದ್ಯೆ.

ಇನ್ನು ನದಿಯ ವಿಷಯ. 1977ರ ಫೆಬ್ರವರಿಯಲ್ಲಿ ಪ್ರಧಾನಿ ಲೀ ಕ್ವಾನ್ ಯೂ ಅವರು ಹತ್ತು ವರ್ಷಗಳಲ್ಲಿ ಸಿಂಗಪುರ ನದಿಯೂ ಕಲ್ಲಾಂಗ್ ಪಾತ್ರವೂ ಶುದ್ಧವಾಗಬೇಕೆಂದು ಗುರಿಯಿಟ್ಟರು. ಹಂದಿ, ಬಾತುಕೋಳಿಗಳ ಸಾಕಣೆ ನಿಂತಿತು. ಸರಕು ದೋಣಿಗಳು ಬೇರೆಡೆಗೆ ಹೋದವು. ಸುಮಾರು 26,000 ಕುಟುಂಬಗಳೂ 5,000ದಷ್ಟು ಬೀದಿ ವ್ಯಾಪಾರಿಗಳೂ ಸ್ಥಳಾಂತರಗೊಂಡರು. 1987ರಲ್ಲಿ ಕಾರ್ಯ ಮುಗಿಯಿತು. ಮೂಗು ಮುಚ್ಚಿಕೊಂಡು ದಾಟುತ್ತಿದ್ದ ದಂಡೆ ಸುಂದರವಾಯಿತು. ಅನಂತರ ಅಲ್ಲಿನ ಹಳೆಯ ಗೋದಾಮುಗಳನ್ನು ಕೆಡವದೆ ಉಳಿಸಿ, ಅವುಗಳಲ್ಲಿ ಹೊಸ ಉಪಾಹಾರಗೃಹಗಳು ಬಂದವು. ಕ್ಲಾರ್ಕ್ ಕೀ 1993ರಲ್ಲಿ ತೆರೆಯಿತು. ದೀಪಗಳ ಸಾಲು, ಸಂಗೀತ, ದೇಶವಿದೇಶದ ಭಕ್ಷ್ಯಗಳು — ಎಲ್ಲವೂ ಚೆಂದವೇ. ಆದರೆ ಆ ದಡದಿಂದ ಎದ್ದುಹೋದವನು ಇಂದು ಅಲ್ಲಿ ಊಟಕ್ಕೆ ಕೂರಲು ಬೆಲೆಪಟ್ಟಿಯನ್ನು ಎರಡು ಸಲ ಓದಬೇಕು. ಒಂದೇ ಸುಧಾರಣೆ ಎರಡು ಬಗೆಯ ಪಂಕ್ತಿ ಹಾಕಿತು: ಒಂದು ನೆರೆಹೊರೆಯವರಿಗೆ, ಇನ್ನೊಂದು ನೋಡಬಂದವರಿಗೆ. ಎಸ್ಪ್ಲನೇಡ್ ಬಳಿಯ ಪ್ರಸಿದ್ಧ ‘ಸಾತೆ ಕ್ಲಬ್’ ಕೂಡ 1995ರಲ್ಲಿ ಮುಚ್ಚಿತು. ಆ ಸುತ್ತಿನಲ್ಲಿ 2002ರಲ್ಲಿ ದೊಡ್ಡ ರಂಗಮಂದಿರ ತೆರೆಯಿತು.

ನಮ್ಮವರ ಊಟದ ದಾರಿ ಬಹುಕಾಲ ಇದಕ್ಕೆ ಸಮಾನಾಂತರವಾಗಿ ಹರಿಯಿತು. ಸಿಂಗಪುರದ ಆನಂದ ಭವನ ಆರಂಭವಾದದ್ದು 1924ರಲ್ಲಿ. ಸೆರಂಗೂನ್ ರಸ್ತೆಯ ಕೋಮಳ ವಿಲಾಸ 1947ರಲ್ಲಿ. ಅದೇ 1924ರಲ್ಲಿಯೇ ಬೆಂಗಳೂರಿನಲ್ಲಿ ಮಯ್ಯ ಸೋದರರ ಉಪಾಹಾರಗೃಹವೂ ಹುಟ್ಟಿತು. ಮಾವಳ್ಳಿಯ ಆ ಎಂ.ಟಿ.ಆರ್. 2013ರಲ್ಲಿ ಸೆರಂಗೂನ್ ರಸ್ತೆಗೇ ಬಂದಾಗ, ರವೆ ಇಡ್ಲಿಗಾಗಿ ವಿಮಾನ ಹತ್ತಬೇಕಾಗಿದ್ದ ಕಾಲ ಮುಗಿಯಿತೆಂದು ನಾವೆಲ್ಲ ಹಿಗ್ಗಿದೆವು. ಆದರೆ ದಿನನಿತ್ಯದ ಬಾಳಿನಲ್ಲಿ ನಮ್ಮನ್ನು ಈ ನೆಲಕ್ಕೆ ಒಗ್ಗಿಸಿದ್ದು ಹಾಕರ್ ಸೆಂಟರಿನ ಮೇಜೇ. ‘ಮೊಟ್ಟೆ ಬೇಡ, ಮೀನು ಬೇಡ, ಒಣಸೀಗಡಿಯೂ ಬೇಡ’ ಎಂದು ಕೈಸನ್ನೆ ಮಾಡುವ ನಮ್ಮ ಸಸ್ಯಾಹಾರಿಗಳನ್ನೂ ಸಹಿಸಿಕೊಂಡ ಅಜ್ಜಿಯರು ಅಲ್ಲಿದ್ದಾರೆ. ಚೀನೀಯ, ಮಲಯ, ತಮಿಳು, ಕನ್ನಡಿಗ ತಮ್ಮ ತಮ್ಮ ತಟ್ಟೆಗಳೊಡನೆ ಒಂದೇ ಮೇಜಿಗೆ ಕೂರುತ್ತಾರೆ. ಪಂಕ್ತಿಭೇದದ ನೆನಪಿರುವ ನಮ್ಮಂಥವರಿಗೆ ಇದು ಸಣ್ಣ ಸಂಗತಿಯಲ್ಲ.

2020ರ ಡಿಸೆಂಬರಿನಲ್ಲಿ ಯುನೆಸ್ಕೊ ಸಂಸ್ಥೆ ಸಿಂಗಪುರದ ಹಾಕರ್ ಸಂಸ್ಕೃತಿಯನ್ನು ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಒಂದು ಕಾಲದಲ್ಲಿ ಬಾಣಲೆಯೊಡನೆ ಓಡುತ್ತಿದ್ದವನು ಪರಂಪರೆಯ ರಕ್ಷಕನಾದ! ಸಂತೋಷವೇ. ಆದರೆ ಆ ಸನ್ಮಾನ ಬಂದ ಹೊತ್ತಿಗೆ ವ್ಯಾಪಾರಿಗಳಲ್ಲಿ ಸುಮಾರು ಅರ್ಧದಷ್ಟು ಜನ 60ನ್ನು ಮುಟ್ಟಿದವರು ಅಥವಾ ದಾಟಿದವರು. ಬೆಳಗಿನ ಜಾವಕ್ಕೆ ಎದ್ದು, ಬೆಂಕಿಯ ಮುಂದೆ ಹನ್ನೆರಡು ಗಂಟೆ ನಿಂತು, ಓದಿಸಿದ ಮಕ್ಕಳಿಗೆ ‘ನೀವು ಇದಕ್ಕೆ ಬರಬೇಡಿ’ ಎಂದು ಅವರೇ ಹೇಳಿದರೆ ತಪ್ಪೆನ್ನುವವರಾರು? ರಿಯಾಯಿತಿ ಬಾಡಿಗೆ ಮೊದಲ ತಲೆಮಾರಿನೊಡನೆ ಮುಗಿಯುತ್ತದೆ. ಹೊಸಬನು ಹರಾಜು ಕೂಗಿ ಮಳಿಗೆ ಹಿಡಿಯಬೇಕು. ಸರಕಾರವೂ ಸುಮ್ಮನಿಲ್ಲ. ಇಪ್ಪತ್ತೈದು ವರ್ಷ ಹೊಸ ಕೇಂದ್ರಗಳನ್ನು ಕಟ್ಟದೆ ಇದ್ದು, 2011ರಲ್ಲಿ ಮತ್ತೆ ಕಟ್ಟಲು ನಿರ್ಧರಿಸಿತು. 2012ರಲ್ಲಿ ಮರುಬಾಡಿಗೆಗೆ ಕೊಡುವುದನ್ನು ನಿಷೇಧಿಸಿ, ಹರಾಜಿನ ಕನಿಷ್ಠ ದರವನ್ನೂ ತೆಗೆದುಹಾಕಿತು. ಆದರೂ ಮೂಲ ಪ್ರಶ್ನೆ ಉಳಿದಿದೆ: ನಮಗೆ ಅಗ್ಗವಾದದ್ದರ ವ್ಯತ್ಯಾಸವನ್ನು ತುಂಬುತ್ತಿರುವವರು ಯಾರು? ಬಾಡಿಗೆ, ಅಕ್ಕಿ, ಎಣ್ಣೆಗಳ ದರ ಏರಿದಾಗಲೂ ಬಟ್ಟಲಿನ ಬೆಲೆ ಏರದಿದ್ದರೆ, ಆ ವ್ಯತ್ಯಾಸ ಒಲೆಯ ಮುಂದೆ ನಿಂತವನ ಸಂಪಾದನೆಯಿಂದಲೇ ಹೋಗುತ್ತದೆ.

ಈ ಕಥೆಯಿಂದ ನಮ್ಮ ನಾಡಿಗೂ ಕಲಿಯುವುದಿದೆ. ಬೀದಿ ವ್ಯಾಪಾರಿಗಳನ್ನು ಮೊದಲು ಎಣಿಸಬೇಕು, ಆಮೇಲೆಯೇ ಎಬ್ಬಿಸುವ ಮಾತು ಎಂಬ ತತ್ವ ಭಾರತದ 2014ರ ಕಾಯಿದೆಯಲ್ಲಿಯೂ ಇದೆ. ಬೆಂಗಳೂರಿನ ವಿಶ್ವೇಶ್ವರಪುರದ ತಿಂಡಿಬೀದಿಯಂತಹ ಜಾಗಗಳನ್ನು ಹೊಸದಾಗಿ ರೂಪಿಸುವಾಗ ಕಲ್ಲುಹಾಸು, ದೀಪದ ಕಂಬಗಳ ಚೆಲುವಿಗಿಂತ ಮುಖ್ಯವಾದ ಪ್ರಶ್ನೆ ಒಂದೇ: ಅವರೆಕಾಳು ದೋಸೆ ಹುಯ್ಯುತ್ತಿದ್ದವನು ಕಾಮಗಾರಿ ಮುಗಿದ ಮೇಲೆ ಅದೇ ಬೀದಿಯಲ್ಲಿ ಇದ್ದಾನೆಯೆ? ಸಿಂಗಪುರದ ವಿಧಾನ ಕಠಿಣವಾಗಿತ್ತು, ನಿಜ. ದ್ವೀಪದ ಅಳತೆ ಬೇರೆ, ನಮ್ಮ ನಾಡಿನ ಅಳತೆ ಬೇರೆ, ಅದೂ ನಿಜ. ಆದರೆ ಲೆಕ್ಕಕ್ಕೆ ಬಂದವನಿಗೆ ಜಾಗ ಸಿಕ್ಕಿತು ಎಂಬುದಕ್ಕೆ ಇಲ್ಲಿನ ಪ್ರತಿಯೊಂದು ಮಳಿಗೆಯೂ ಸಾಕ್ಷಿ.

ಕೊನೆಯದಾಗಿ ನಮ್ಮ ಸದಸ್ಯ ಬಂಧುಗಳಲ್ಲಿ ಎರಡು ವಿನಂತಿ. ನಿಮ್ಮ ಬಡಾವಣೆಯ ಹಾಕರ್ ಸೆಂಟರಿನಲ್ಲಿ ವಯಸ್ಸಾದವರು ನಡೆಸುವ ಮಳಿಗೆ ಇದ್ದರೆ, ಗಿರಾಕಿಗಳು ಕಡಿಮೆಯಿರುವ ಮಧ್ಯಾಹ್ನ ಮೂರರ ಹೊತ್ತಿಗೆ ಹೋಗಿ, ಅವರು ಇಲ್ಲಿಗೆ ಯಾವ ಬೀದಿಯಿಂದ ಬಂದರೆಂದು ಕೇಳಿರಿ, ಮಕ್ಕಳನ್ನೂ ಕರೆದೊಯ್ಯಿರಿ. 1970ರ ದಶಕದಲ್ಲಿ ಗಾಡಿ ತಳ್ಳಿ ಬಂದವರ ಬಾಯಿಂದ ಈ ಚರಿತ್ರೆಯನ್ನು ಕೇಳುವ ಅವಕಾಶ ಇನ್ನು ಹೆಚ್ಚು ವರ್ಷ ಇರದು. ಎರಡನೆಯದು, ಕಾಫಿಯ ಬೆಲೆ ಹತ್ತು ಸೆಂಟು ಏರಿದೆಯೆಂದು ಗೊಣಗುವ ಮುನ್ನ, ಆ ಹತ್ತು ಸೆಂಟು ಯಾರ ಕೈ ಸೇರುತ್ತದೆಂದು ಒಮ್ಮೆ ಯೋಚಿಸೋಣ.