ಮಧ್ಯಮಾಹರಣ: ಶ್ರೀಧರನ ನಾಲ್ಕು, ಮಹಾವೀರನ ಎರಡು ಮೂಲಗಳು

ಪ್ರೌಢಶಾಲೆಯಲ್ಲಿ ವರ್ಗಸಮೀಕರಣ ಕಲಿತವರಿಗೆ ಎರಡು ವಿಧಾನಗಳು ನೆನಪಿನಲ್ಲಿರುತ್ತವೆ: ಒಂದು ವರ್ಗ ಪೂರ್ಣಗೊಳಿಸುವುದು, ಇನ್ನೊಂದು ಸೂತ್ರ. ಮೊದಲನೆಯದರಿಂದ ಎರಡನೆಯದನ್ನು ಸಾಧಿಸಿ ತೋರಿಸುವ ಪುಟವನ್ನು ಹೆಚ್ಚಿನವರು ಪರೀಕ್ಷೆಗೆಂದು ಬಾಯಿಪಾಠ ಮಾಡಿ ಆಮೇಲೆ ಮರೆತಿರುತ್ತಾರೆ. ಮರೆಯಲು ಕಾರಣ ಆ ಸಾಧನೆಯೊಳಗೇ ಇದೆ ಎಂಬುದು ನನ್ನ ಅಭಿಪ್ರಾಯ. ಮೊದಲ ಸಾಲಿನಲ್ಲೇ ವರ್ಗಪದದ ಸಹಗುಣಕದಿಂದ ಭಾಗಿಸಿಬಿಡುತ್ತೇವೆ. ಅಲ್ಲಿಂದ ಮುಂದೆ ಭಿನ್ನರಾಶಿಗಳು ಬೆನ್ನು ಬಿಡುವುದಿಲ್ಲ. ಸೂತ್ರದೊಳಗಿನ ನಾಲ್ಕು ಎಲ್ಲಿಂದ ಬಂತು ಎಂಬುದು ಆ ಗೊಂದಲದಲ್ಲಿ ಕಣ್ಣಿಗೆ ಬೀಳುವುದಿಲ್ಲ. ಭಾಗಿಸುವ ಬದಲು ಗುಣಿಸಿ ಆರಂಭಿಸುವ ದಾರಿಯೊಂದು ಭಾರತದ ಬೀಜಗಣಿತದಲ್ಲಿ ಸಾವಿರ ವರ್ಷಕ್ಕೂ ಹಿಂದೆಯೇ ಇತ್ತು. ಆ ದಾರಿ ಲೆಕ್ಕವನ್ನು ಹಗುರ ಮಾಡುವುದಷ್ಟೇ ಅಲ್ಲ, ಶೋಧಕ ಏನೆಂಬುದನ್ನೂ ತಿಳಿಸಿಕೊಡುತ್ತದೆ ಎಂಬುದು ಈ ಲೇಖನದ ವಾದ.

ಹಳೆಯ ಗ್ರಂಥಗಳು ಅವ್ಯಕ್ತವನ್ನು ಯಾವತ್ತಾವತ್ ಎಂದು ಕರೆದು ‘ಯಾ’ ಎಂದು ಸಂಕ್ಷೇಪಿಸುತ್ತಿದ್ದವು. ಇಲ್ಲಿ ಅದನ್ನು ‘ಯ’ ಎಂದು ಬರೆಯುತ್ತೇನೆ. 3ಯ² + 5ಯ = 2 ಎಂಬ ಸಮೀಕರಣವನ್ನು ತೆಗೆದುಕೊಳ್ಳೋಣ. ಪಠ್ಯಪುಸ್ತಕದ ಕ್ರಮದಲ್ಲಿ ಮೊದಲು 3ರಿಂದ ಭಾಗಿಸಬೇಕು: ಯ² + (5/3)ಯ = 2/3. ಮಧ್ಯಪದದ ಸಹಗುಣಕದ ಅರ್ಧ 5/6, ಅದರ ವರ್ಗ 25/36. ಎರಡೂ ಕಡೆ ಕೂಡಿಸಿದರೆ ಬಲಗಡೆ 49/36; ಮೂಲ ತೆಗೆದರೆ ಯ + 5/6 = ±7/6. ಉತ್ತರ 1/3 ಅಥವಾ −2. ತಪ್ಪೇನಿಲ್ಲ, ಆದರೆ ಛೇದಗಳನ್ನು ಹೊಂದಿಸುವುದರಲ್ಲೇ ಗಮನ ಹೋಗುತ್ತದೆ.

ಗಣಿತಜ್ಞ ಶ್ರೀಧರನ ಕ್ರಮ ಬೇರೆ. ಅವ್ಯಕ್ತವರ್ಗದ ಸಹಗುಣಕವನ್ನು ನಾಲ್ಕರಿಂದ ಗುಣಿಸಿ, ಬಂದ ಸಂಖ್ಯೆಯಿಂದ ಎರಡೂ ಪಕ್ಷಗಳನ್ನು ಗುಣಿಸಬೇಕು. ಮಧ್ಯಪದದ ಮೂಲ ಸಹಗುಣಕದ ವರ್ಗವನ್ನು ಎರಡೂ ಪಕ್ಷಗಳಿಗೆ ಕೂಡಿಸಬೇಕು. ಬಳಿಕ ವರ್ಗಮೂಲ ತೆಗೆಯಬೇಕು. ನಮ್ಮ ಸಮೀಕರಣವನ್ನು 12ರಿಂದ ಗುಣಿಸಿದರೆ 36ಯ² + 60ಯ = 24. 25 ಕೂಡಿಸಿದರೆ ಎಡಗಡೆ (6ಯ + 5)², ಬಲಗಡೆ 49. ಆದ್ದರಿಂದ 6ಯ + 5 = ±7. ಭಾಗಾಕಾರ ಕೊನೆಯ ಹೆಜ್ಜೆಯಲ್ಲಿ ಮಾತ್ರ ಬಂತು.

ನಾಲ್ಕೇ ಏಕೆ? ಸಹಗುಣಕಗಳು ಅ, ಬ, ಕ ಆಗಿರುವ ಅಯ² + ಬಯ + ಕ = 0 ಎಂಬ ಸಮೀಕರಣವನ್ನು ಅ ಒಂದರಿಂದಲೇ ಗುಣಿಸಿದರೆ ಮೊದಲ ಪದ (ಅಯ)² ಆಗುತ್ತದೆ. ಆದರೆ ಮಧ್ಯಪದ ಬ·(ಅಯ) ಎಂದು ಉಳಿದು, ಬ ಬೆಸವಾಗಿದ್ದರೆ ಅದರ ಅರ್ಧ ಪೂರ್ಣಾಂಕವಾಗುವುದಿಲ್ಲ. ಇನ್ನೂ ನಾಲ್ಕರಿಂದ ಗುಣಿಸಿದಾಗ ಮೊದಲ ಪದ (2ಅಯ)², ಮಧ್ಯಪದ 2·(2ಅಯ)·ಬ. ವರ್ಗಕ್ಕೆ ಕಡಿಮೆಯಿರುವುದು ಬ² ಒಂದೇ. ಅದನ್ನು ಕೂಡಿಸಿದರೆ

(2ಅಯ + ಬ)² = ಬ² − 4ಅಕ

ಎಂಬ ಸಾಲು ಸಿಗುತ್ತದೆ. ನಾವು ಸೂತ್ರ ಎನ್ನುವುದು ಈ ಸಾಲಿನ ವರ್ಗಮೂಲ ಮಾತ್ರ. ನಾಲ್ಕು ಬಂದದ್ದು ಅರ್ಧವನ್ನು ತಪ್ಪಿಸುವುದಕ್ಕಾಗಿ. ಬ² − 4ಅಕ ಎಂಬ ಶೋಧಕದಲ್ಲಿ ಅದು ಉಳಿದಿರುವುದೂ ಅದೇ ಕಾರಣಕ್ಕೆ.

ಈ ನಿಯಮವಿದ್ದ ಶ್ರೀಧರನ ಬೀಜಗಣಿತ ಗ್ರಂಥ ನಮಗೆ ಉಳಿದಿಲ್ಲ. ಪಾಟೀಗಣಿತದ ಒಂದು ಭಾಗ, ತ್ರಿಶತಿಕಾ ಇವೆ. ನಿಯಮವನ್ನು ಉಳಿಸಿಕೊಟ್ಟವನು ಎರಡನೆಯ ಭಾಸ್ಕರ. 12ನೆಯ ಶತಮಾನದ ತನ್ನ ಬೀಜಗಣಿತದಲ್ಲಿ ಶ್ರೀಧರನ ಹೆಸರು ಹೇಳಿಯೇ ಅದನ್ನು ಉದ್ಧರಿಸಿದ್ದಾನೆ. ಮಧ್ಯಪದವನ್ನು ನಿವಾರಿಸುವ ಈ ಪ್ರಕರಣಕ್ಕೆ ಅವನಲ್ಲಿ ಮಧ್ಯಮಾಹರಣ ಎಂದು ಹೆಸರು. ಇದರ ಬೇರು ಇನ್ನೂ ಹಿಂದಕ್ಕೆ ಹೋಗುತ್ತದೆ. 499ರ ಆರ್ಯಭಟೀಯದಲ್ಲಿ ಬಡ್ಡಿಯ ಲೆಕ್ಕವೊಂದಕ್ಕೆ ಕೊಟ್ಟ ವಿಧಾನದೊಳಗೆ ವರ್ಗಸಮೀಕರಣದ ಪರಿಹಾರ ಅಡಗಿದೆ. 628ರಲ್ಲಿ ಬ್ರಹ್ಮಗುಪ್ತ ಬ್ರಾಹ್ಮಸ್ಫುಟಸಿದ್ಧಾಂತದ ಕುಟ್ಟಕಾಧ್ಯಾಯದಲ್ಲಿ ಎರಡು ನಿಯಮಗಳನ್ನು ಒಂದರ ಪಕ್ಕ ಒಂದರಂತೆ ಇಟ್ಟ. ಮೊದಲನೆಯದರಲ್ಲಿ ನಾಲ್ಕು ಇದೆ. ಎರಡನೆಯದರಲ್ಲಿ ಅದಿಲ್ಲ, ಬದಲಿಗೆ ಮಧ್ಯಪದದ ಅರ್ಧವಿದೆ. ಅಂದರೆ ಬ ಸಮಸಂಖ್ಯೆಯಾಗಿದ್ದರೆ ಅ ಒಂದರಿಂದ ಗುಣಿಸಿದರೆ ಸಾಕು, ನಾಲ್ಕರ ನೆರವು ಬೇಡ. ಎರಡನ್ನೂ ಜೊತೆಯಲ್ಲಿ ಕೊಟ್ಟಿರುವುದನ್ನು ನೋಡಿದರೆ ಆ ನಾಲ್ಕಿನ ಕೆಲಸ ಏನೆಂದು ಬ್ರಹ್ಮಗುಪ್ತನಿಗೆ ಸ್ಪಷ್ಟವಾಗಿಯೇ ಗೊತ್ತಿತ್ತು ಎನ್ನಬೇಕು. ಆದರೆ ಅವನ ಎರಡೂ ನಿಯಮಗಳು ಒಂದೊಂದೇ ಮೂಲವನ್ನು ಕೊಡುತ್ತವೆ.

ಎರಡು ಮೂಲಗಳ ಪ್ರಶ್ನೆ ಬಂದಾಗ ನಾವು ರಾಷ್ಟ್ರಕೂಟರ ನಾಡಿಗೆ ಬರಬೇಕಾಗುತ್ತದೆ. ಸುಮಾರು 850ರಲ್ಲಿ ಗಣಿತಸಾರಸಂಗ್ರಹ ಬರೆದ ಮಹಾವೀರಾಚಾರ್ಯ ಗ್ರಂಥದ ಆರಂಭದಲ್ಲಿ ಅಮೋಘವರ್ಷ ನೃಪತುಂಗನನ್ನು ಸ್ತುತಿಸುತ್ತಾನೆ. 1912ರಲ್ಲಿ ಮದರಾಸಿನಲ್ಲಿ ಎಂ. ರಂಗಾಚಾರ್ಯರ ಸಂಪಾದನೆ ಮತ್ತು ಇಂಗ್ಲಿಷ್ ಅನುವಾದದೊಡನೆ ಗ್ರಂಥ ಅಚ್ಚಾಯಿತು. ಅದರ ಪ್ರಕೀರ್ಣಕ ವ್ಯವಹಾರದಲ್ಲಿ ಒಂದು ರಾಶಿಯ ಭಾಗ ಅದೇ ರಾಶಿಯ ಭಾಗದಿಂದ ಗುಣಿತವಾಗುವ ಲೆಕ್ಕಗಳಿವೆ. ನವಿಲುಗಳ ಹಿಂಡಿನ ಹದಿನಾರನೆಯ ಒಂದು ಭಾಗ ಅದರಿಂದಲೇ ಗುಣಿತವಾಗಿ ಮಾವಿನ ಮರದಲ್ಲಿದೆ. ಉಳಿದುದರ ಒಂಬತ್ತನೆಯ ಒಂದು ಭಾಗ ಅದರಿಂದಲೇ ಗುಣಿತವಾಗಿ, ಇನ್ನೂ 14 ನವಿಲುಗಳೊಡನೆ ತಮಾಲವೃಕ್ಷಗಳ ನಡುವೆ ಇದೆ. ಒಟ್ಟು 48. ತಾಳೆ ನೋಡಿ: 48ರ ಹದಿನಾರನೆಯ ಭಾಗ 3, ಅದರ ವರ್ಗ 9; ಉಳಿದ 45ರ ಒಂಬತ್ತನೆಯ ಭಾಗ 5, ಅದರ ವರ್ಗ 25; ಜೊತೆಗೆ 14. ಇಲ್ಲಿ ‘ಉಳಿದುದು’ ಎಂದರೆ ಹದಿನಾರನೆಯ ಭಾಗ ಕಳೆದದ್ದು, ಅದರ ವರ್ಗ ಕಳೆದದ್ದಲ್ಲ. ಇದನ್ನು ಗಮನಿಸದೆ ಹೊರಟರೆ ಲೆಕ್ಕ ಕೂಡಿಬರುವುದಿಲ್ಲ.

ಇಂಥ ಲೆಕ್ಕಗಳಿಗೆ ಮಹಾವೀರ ಕೊಡುವ ನಿಯಮ ಹೀಗಿದೆ: ವರ್ಗಭಾಗದ ಛೇದವನ್ನು ಅಂಶದಿಂದ ಭಾಗಿಸು, ಅದರಿಂದ ಕಣ್ಣಿಗೆ ಕಂಡ ಸಂಖ್ಯೆಯ ನಾಲ್ಕರಷ್ಟನ್ನು ಕಳೆ, ಉಳಿದುದನ್ನು ಅದೇ ಭಾಗಲಬ್ಧದಿಂದ ಗುಣಿಸಿ ಮೂಲ ತೆಗೆ, ಆ ಮೂಲವನ್ನು ಭಾಗಲಬ್ಧಕ್ಕೆ ಕೂಡಿಸು, ಅದರಿಂದ ಕಳೆ ಕೂಡ, ಎರಡರ ಅರ್ಧಗಳೂ ಉತ್ತರ. ಕೂಡಿಸುವುದನ್ನೂ ಕಳೆಯುವುದನ್ನೂ ನಿಯಮವೇ ಹೇಳುತ್ತದೆ. ಋಣಸಂಖ್ಯೆಯು ಯಾವುದರ ವರ್ಗವೂ ಅಲ್ಲವಾದ್ದರಿಂದ ಅದಕ್ಕೆ ವರ್ಗಮೂಲವಿಲ್ಲ ಎಂದೂ ಮಹಾವೀರ ಸ್ಪಷ್ಟವಾಗಿ ಹೇಳಿದ್ದಾನೆ.

ಈ ನಿಯಮವನ್ನು ಸುಮಾರು ಮುನ್ನೂರು ವರ್ಷ ಈಚಿನ ಭಾಸ್ಕರನ ಕಪಿಗಳ ಲೆಕ್ಕಕ್ಕೆ ಹಚ್ಚಿ ನೋಡಿದರೆ ಅದರ ಸೊಗಸು ತಿಳಿಯುತ್ತದೆ. ಕಪಿಗಳ ಹಿಂಡಿನ ಎಂಟನೆಯ ಒಂದು ಭಾಗದ ವರ್ಗ ಕಾಡಿನಲ್ಲಿ ಆಡುತ್ತಿದೆ, ಉಳಿದ 12 ಬೆಟ್ಟದ ಮೇಲಿವೆ. ಭಾಗಲಬ್ಧ 64, ಅದರಿಂದ 48 ಕಳೆದರೆ 16, 64ರಿಂದ ಗುಣಿಸಿದರೆ 1024, ಮೂಲ 32. 64ಕ್ಕೆ 32 ಕೂಡಿಸಿ ಅರ್ಧ ಮಾಡಿದರೆ 48, ಕಳೆದು ಅರ್ಧ ಮಾಡಿದರೆ 16. ಎರಡೂ ಸರಿ: 6ರ ವರ್ಗ 36ಕ್ಕೆ 12 ಸೇರಿ 48, 2ರ ವರ್ಗ 4ಕ್ಕೆ 12 ಸೇರಿ 16. ಎರಡು ಉತ್ತರಗಳೂ 32ರಿಂದ ಆಚೀಚೆ ಸಮದೂರದಲ್ಲಿ, 16ರ ಅಂತರದಲ್ಲಿವೆ. ವರ್ಗ ಪೂರ್ಣಗೊಳಿಸುವುದು ಎಂದರೆ ಈ ನಡುಬಿಂದುವನ್ನು ಹುಡುಕುವುದೇ. ಬೆಟ್ಟದ ಮೇಲಿನ ಕಪಿಗಳು 16 ಆಗಿದ್ದರೆ ಎರಡು ಉತ್ತರಗಳೂ ಒಂದಾಗಿ 32ರಲ್ಲಿ ಸೇರುತ್ತಿದ್ದವು. 17 ಆಗಿದ್ದರೆ ಉತ್ತರವೇ ಇರುತ್ತಿರಲಿಲ್ಲ. ಕಂಡ ಸಂಖ್ಯೆಯ ನಾಲ್ಕರಷ್ಟು ಭಾಗಲಬ್ಧವನ್ನು ಮೀರಿದೆಯೇ ಇಲ್ಲವೇ ಎಂಬ ಒಂದೇ ಹೋಲಿಕೆಯಲ್ಲಿ ಮಹಾವೀರನ ನಿಯಮ ಇದನ್ನು ತಿಳಿಸಿಬಿಡುತ್ತದೆ.

ಭಾಸ್ಕರನ ಮುಂದಿನ ಲೆಕ್ಕದಲ್ಲಿ ಹಿಂಡಿನ ಐದನೆಯ ಭಾಗದಿಂದ ಮೂರು ಕಳೆದು ಬಂದುದರ ವರ್ಗ ಗುಹೆ ಹೊಕ್ಕಿದೆ, ಒಂದು ಕಪಿ ಕೊಂಬೆಯ ಮೇಲಿದೆ. ಮೂಲಗಳು 50 ಮತ್ತು 5. ಐದನ್ನು ಅವನು ಒಪ್ಪಲಿಲ್ಲ. ಐದರ ಐದನೆಯ ಭಾಗ ಒಂದು, ಅದರಿಂದ ಮೂರು ಕಳೆದರೆ ಋಣ, ಕಾಣುವ ವಸ್ತುವಿನಲ್ಲಿ ಋಣವನ್ನು ಜನ ಒಪ್ಪುವುದಿಲ್ಲ ಎಂಬುದು ಅವನ ಕಾರಣ. ಇದನ್ನು ಭಾಸ್ಕರನ ಮಿತಿ ಎಂದು ಎಣಿಸುವುದು ಸರಿಯಲ್ಲವೆಂದು ನನಗೆ ತೋರುತ್ತದೆ. ಮೊದಲ ಲೆಕ್ಕದಲ್ಲಿ ಎರಡೂ ಮೂಲಗಳನ್ನು ಸ್ವೀಕರಿಸಿದವನು ಎರಡನೆಯದರಲ್ಲಿ ಒಂದನ್ನು ಬಿಟ್ಟ. ಸಮೀಕರಣಕ್ಕೆ ಎಷ್ಟು ಮೂಲ, ಸಮಸ್ಯೆಗೆ ಎಷ್ಟು ಉತ್ತರ ಎಂಬ ಎರಡು ಪ್ರಶ್ನೆಗಳನ್ನು ಅವನು ಬೇರೆಬೇರೆಯಾಗಿ ನೋಡಿದ್ದಾನೆ.

ಅಮೋಘವರ್ಷನ ಕಾಲಕ್ಕೆ ಹತ್ತಿರದಲ್ಲೇ ಬಾಗ್ದಾದಿನಲ್ಲಿ ಅಲ್ ಖ್ವಾರಿಜ್ಮಿ ಯ² + 10ಯ = 39 ಎಂಬ ಸಮೀಕರಣವನ್ನು ಚಿತ್ರ ಬರೆದು ಬಿಡಿಸಿದ: ಚೌಕಕ್ಕೆ ಆಯತಗಳನ್ನು ಅಂಟಿಸಿ, ಮೂಲೆಯಲ್ಲಿ ಕಡಿಮೆ ಬಿದ್ದ 25ನ್ನು ತುಂಬಿ 64 ಮಾಡಿ, ಬಾಹು 8ರಿಂದ 5 ಕಳೆದು 3 ಎಂದ. ಅದು ಕಣ್ಣಿಗೆ ಒಪ್ಪುವ ಸಾಧನೆ, ಆದರೆ ಉದ್ದಕ್ಕೆ ಋಣವಿಲ್ಲವಾದ್ದರಿಂದ ಅಲ್ಲಿ −13 ಕಾಣಿಸಿಕೊಳ್ಳಲು ಎಡೆಯಿಲ್ಲ.

ಗುಣಿಸಿ ಆರಂಭಿಸುವ ದಾರಿಯ ನಿಜವಾದ ಬಲ ತಿಳಿಯುವುದು ಭಾಗಾಕಾರಕ್ಕೆ ಅವಕಾಶ ಕಡಿಮೆಯಿರುವ ಕಡೆ. 1801ರಲ್ಲಿ ಪ್ರಕಟವಾದ ಗೌಸ್‌ನ ಸಂಖ್ಯಾಸಿದ್ಧಾಂತದ ಗ್ರಂಥದಲ್ಲಿ, ಒಂದು ಪೂರ್ಣಾಂಕದಿಂದ ಭಾಗಿಸಿದಾಗ ಉಳಿಯುವ ಶೇಷಗಳ ಲೆಕ್ಕದಲ್ಲಿ, ವರ್ಗಸಮೀಕರಣ ಬಿಡಿಸಬೇಕಾಗಿ ಬರುತ್ತದೆ. ಅಲ್ಲಿ ಅರ್ಧ ಎಂಬುದಕ್ಕೆ ಎಲ್ಲ ಸಂದರ್ಭದಲ್ಲೂ ಅರ್ಥವಿಲ್ಲ. ಗೌಸ್ ಮಾಡಿದ್ದು 4ಅದಿಂದ ಗುಣಿಸಿ, ಭಾಜಕವನ್ನೂ 4ಅದಿಂದ ಹಿಗ್ಗಿಸಿ, ಇಡೀ ಪ್ರಶ್ನೆಯನ್ನು ಬ² − 4ಅಕ ಯಾವ ಸಂಖ್ಯೆಯ ವರ್ಗದ ಶೇಷ ಎಂಬುದಕ್ಕೆ ಇಳಿಸಿದ್ದು. ನಮ್ಮ 3ಯ² + 5ಯ − 2 ಎಂಬುದನ್ನೇ 7ರ ಶೇಷಗಳಲ್ಲಿ ನೋಡಿದರೆ ಶೋಧಕ 49ರ ಶೇಷ ಸೊನ್ನೆ. ಆದ್ದರಿಂದ 6ಯ + 5ರ ಶೇಷವೂ ಸೊನ್ನೆಯಾಗಬೇಕು, ಯ = 5 ಒಂದೇ ಉತ್ತರ; 75 + 25 − 2 = 98, ಅದು 7ರ 14ರಷ್ಟು. ಮೊದಲು ಬೇರೆಯಾಗಿದ್ದ 1/3 ಮತ್ತು −2 ಇಲ್ಲಿ ಕೂಡಿಕೊಂಡಿವೆ: −2ಕ್ಕೆ 7 ಸೇರಿಸಿದರೆ 5, ಮೂರರಿಂದ ಗುಣಿಸಿದಾಗ ಶೇಷ 1 ಕೊಡುವ ಸಂಖ್ಯೆಯೂ 5. ಯಾವ ಅವಿಭಾಜ್ಯದ ಶೇಷಗಳಲ್ಲಿ ಎರಡು ಮೂಲಗಳು ಒಂದಾಗುತ್ತವೆ ಎಂಬುದನ್ನು ಶೋಧಕದ ಅಪವರ್ತನಗಳು ಹೇಳುತ್ತವೆ. ಭಿನ್ನರಾಶಿಯ ದಾರಿಯಲ್ಲಿ ಆ 49 ನಮಗೆ ಸಿಕ್ಕಿದ್ದು 36ರ ಮೇಲೆ ಕುಳಿತು. ಶ್ರೀಧರನ ದಾರಿಯಲ್ಲಿ ಪೂರ್ಣಾಂಕವಾಗಿಯೇ ಸಿಕ್ಕಿತು.